ನಮ್ಮ ಮನೆಯ ದಾದಾಯಿಸ್ಟ್

ನನ್ನ ಸೋದರಮಾವನನ್ನು ನಾನು ಮೊದಲ ಸಲ ದಾದಾಯಿಸ್ಟ್ ಎಂದು ಕರೆದಾಗ, ನುಗ್ಗೆಸೊಪ್ಪು ಬಿಡಿಸುತ್ತಿದ್ದ ಅತ್ತೆ ಕೈ ನಿಲ್ಲಿಸಿ ನಕ್ಕುಬಿಟ್ಟರು.

"ದಾದಾನಾ? ಇವರಾ? ಮ್ಯಾಲೆ ಹಲ್ಲಿ ಬಿದ್ರೆ ಊರು ಕೂಡೋ ಹಂಗೆ ಕೂಗ್ತಾರೆ!"

"ದಾದಾ ಅಲ್ಲ ಅತ್ತೆ, ದಾದಾಯಿಸ್ಟ್."

ಮಂಚದ ಮೇಲಿದ್ದ ಮಾಮ ಆಸೆಯಿಂದ ಕೇಳಿದರು: "ಇಸ್ಟು ಸೇರಿದ್ರೆ ಇನ್ನೂ ದೊಡ್ಡ ರೌಡಿಯಾ, ಕಣ್ಣು?" ಊರಿನ ತಮಿಳರಂತೆ ಮಾಮ ನನ್ನನ್ನು ಮುದ್ದಿನಿಂದ ಕರೆಯುವುದು 'ಕಣ್ಣು' ಎಂದೇ.

ಆ ಪದವನ್ನು ನಾನು ದಿಂಡಿಗಲ್ಲಿನ ಕಾಲೇಜಿನಲ್ಲಿ ಕಲಿತಿದ್ದೆ. ಒಂದು ಮಹಾಯುದ್ಧದ ನಡುವೆ, ಅರ್ಥವತ್ತಾಗಿ ಮಾತಾಡುವವರೆಲ್ಲ ಸೇರಿ ಲೋಕವನ್ನು ಈ ಗತಿಗೆ ತಂದರಲ್ಲ ಎಂದು ರೋಸಿಹೋದ ಕೆಲವು ಕಲಾವಿದರು ಅರ್ಥವನ್ನೇ ಕೈಬಿಟ್ಟರು. ಸಂಬಂಧವಿಲ್ಲದ ವಸ್ತುಗಳನ್ನು ಜೋಡಿಸಿ ಕಲೆ ಎಂದರು, ಯಾವ ಭಾಷೆಗೂ ಸೇರದ ಸದ್ದುಗಳನ್ನು ವೇದಿಕೆಯ ಮೇಲೆ ಕೂಗಿದರು. ಕನ್ನಡದಲ್ಲಿ ದಾದಾವಾದಿಗಳು ಎನ್ನಬಹುದು. ಪಾಠ ಕೇಳುವಾಗಲೇ ನನಗೆ ಮಾಮ ನೆನಪಾಗಿದ್ದರು.

ಹನುಮಂತನಪಟ್ಟಿಯ ನಮ್ಮ ದ್ರಾಕ್ಷಿ ತೋಟ ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಕಲ್ಲುಗಂಬಗಳ ಮೇಲೆ ತಂತಿ ಹೆಣೆದ ಚಪ್ಪರ. ಹಕ್ಕಿ ಬೆದರಿಸಲು ಎಲ್ಲರೂ ಹಳೆಯ ಸಿಡಿ ಕಟ್ಟಿದರೆ, ಮಾಮ ಒಂಟಿ ಚಪ್ಪಲಿ, ಬಟ್ಟೆಯಿಲ್ಲದ ಛತ್ರಿ, ಒಡ್ಡನ್‌ಛತ್ರದ ಮಾರುಕಟ್ಟೆಯಲ್ಲಿ ಬಿದ್ದು ಸಿಕ್ಕ ತಕ್ಕಡಿಯ ತಟ್ಟೆ, ಗೊಂಬೆಯ ಕಾಲು ಎಲ್ಲವನ್ನೂ ಕಟ್ಟಿದ್ದರು. ಜೊತೆಗೆ ಅವರದೊಂದು ಕೂಗು: "ಡಿಂಗಿಣಿ ಡೊಪ್ಪಾಯ್!" ಅದು ನಮ್ಮ ಮನೆಯ ಕನ್ನಡವೂ ಅಲ್ಲ, ಊರಿನ ತಮಿಳೂ ಅಲ್ಲ. ಹೊತ್ತುಗೊತ್ತಿಲ್ಲದೆ ಕೂಗುತ್ತಿದ್ದರು. ಪ್ರತಿ ಸಲವೂ ಅತ್ತೆ ಮಾಡುತ್ತಿದ್ದ ಕೆಲಸ ಬಿಟ್ಟು, ಸೊಂಟಕ್ಕೆ ಕೈಯಿಟ್ಟು ತಿರುಗಿ ಬೈಯುತ್ತಿದ್ದರು. ಅದಕ್ಕೇ ಮಾಮ ಕೂಗುತ್ತಿದ್ದರೋ ಏನೋ.

ಹೀಗಿರುವಾಗ ಒಂದು ಬೆಳಿಗ್ಗೆ ಗಾಳಿ ಜೋರಾಗಿತ್ತು. ನೀರು ಹಾಯಿಸಿದ ನೆಲ ಕೆಸರಾಗಿತ್ತು. ಅತ್ತೆ ಕತ್ತರಿ ಹಿಡಿದು ಚಪ್ಪರದ ಕೆಳಗೆ ನಡೆಯುತ್ತಿದ್ದರು, ನಾನು ಬುಟ್ಟಿ ಹೊತ್ತು ಹಿಂದೆ ಇದ್ದೆ. ತಲೆಯ ಮೇಲೆ ಚಟಚಟ ಸದ್ದು. ಮೋಟಾರಿಗೆ ಹೋಗುವ ಕರೆಂಟಿನ ತಂತಿ ಹರಿದು ಚಪ್ಪರದ ತಂತಿಯ ಮೇಲೆ ಬಿದ್ದಿತ್ತು. ಅದು ತಾಗಿದ ಕಡೆ ಎಲೆಗಳು ಕಪ್ಪಾಗಿ ಮುದುಡುತ್ತಿದ್ದವು.

ಎಡಗೈಯಿಂದ ತಂತಿ ಹಿಡಿದು ಬಲಗೈಯಲ್ಲಿ ಗೊಂಚಲು ಕತ್ತರಿಸುವುದು ಅತ್ತೆಯ ಅಭ್ಯಾಸ. ಎಡಗೈ ಮೇಲೇರುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ಆ ಕೈಯೇ ಕಾಣುತ್ತದೆ: ಗಾಜಿನ ಬಳೆಗಳು ಮೊಣಕೈ ಕಡೆ ಜಾರುತ್ತಿವೆ, ಬೆರಳುಗಳು ಬಿಚ್ಚಿಕೊಳ್ಳುತ್ತಿವೆ. ನನ್ನ ಗಂಟಲಲ್ಲಿ ಮನೆಯ ಮಾತು, ಊರಿನ ಮಾತು ಎರಡೂ ಒಂದಕ್ಕೊಂದು ಅಡ್ಡ ನಿಂತವು. ಕೊನೆಗೆ ಪಿಸುಮಾತಿನಂತೆ ಹೊರಬಂದದ್ದು "ಮುಟ್" ಅಷ್ಟೇ. 'ಮುಟ್ಟಬೇಡಿ' ಎಂಬುದನ್ನು ಅರ್ಧ ಹೇಳಿದರೆ ಏನಾಗುತ್ತದೆ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

"ಡಿಂಗಿಣಿ ಡೊಪ್ಪಾಯ್!"

ಮೋಟಾರು ಕೊಠಡಿಯ ಬಾಗಿಲಿಂದ ಮಾಮ ಕೂಗಿದ್ದರು. ಮೇಲೇರಿದ ಕೈ ಸರಕ್ಕನೆ ಇಳಿದು ಸೊಂಟ ಸೇರಿತು. ಅತ್ತೆ ತಿರುಗಿದರು.

"ಬೆಳಗಾಗೋದೇ ತಡ, ಶುರುವಾಯ್ತಾ? ನಿಮ್ಗೇನು ಪೈತ್ಯ ಹಿಡಿದೈತಾ?"

ಮಾಮ ನಗುತ್ತಿರಲಿಲ್ಲ. ಅವರ ಬೆರಳು ಮೇಲೆ ತೋರಿಸುತ್ತಿತ್ತು. ಅತ್ತೆ ನೋಡಿದರು. ಕತ್ತರಿ ಕೆಸರಿಗೆ ಬಿತ್ತು. ತಲೆ ತಗ್ಗಿಸಿ, ಯಾವುದಕ್ಕೂ ತಾಗದೆ, ಇಬ್ಬರೂ ಹೊರಗೆ ಬಂದೆವು. ಮಾಮ ಅತ್ತೆಯ ಎಡಗೈಯನ್ನು ತಮ್ಮ ಎರಡು ಕೈಗಳಲ್ಲಿ ಹಿಡಿದುಕೊಂಡು ವರಪ್ಪಿನ, ಅಂದರೆ ತೋಟದ ಬದುವಿನ, ಮೇಲೆ ಕುಳಿತುಬಿಟ್ಟರು. ಲೈನ್‌ಮನ್ ಬಂದು ಕರೆಂಟು ತೆಗೆಯುವವರೆಗೂ ಬಿಡಲಿಲ್ಲ.

ಆಮೇಲೆ ನಾನು ಕೇಳಿದೆ: "ತಂತಿ ನೋಡಿದ್ರಾ ಮಾಮ?"

"ನೋಡ್ದೆ."

"ಮತ್ತೆ, ಮುಟ್ಟಬೇಡ ಅನ್ನಬಾರದಿತ್ತಾ?"

"ಅದೇ ಅನ್ನಕ್ಕೆ ಬಾಯಿ ತೆಗೆದೆ ಕಣ್ಣು. ಬಂದದ್ದು ಇದು."

ದಾದಾವಾದಿಯ ಕೂಗಿನಿಂದ ಯಾರಿಗೂ ಏನೂ ಉಪಯೋಗವಿಲ್ಲ, ಅದೇ ಅದರ ಹೆಗ್ಗಳಿಕೆ ಎಂದು ನಾನು ಪರೀಕ್ಷೆಯಲ್ಲಿ ಬರೆದಿದ್ದೆ. ಒಳ್ಳೆಯ ಅಂಕವೂ ಬಂದಿತ್ತು.

ತಂತಿ ಸರಿಮಾಡಿದ ಮೇಲೆ ಅತ್ತೆ ಮತ್ತೆ ಚಪ್ಪರದ ಕೆಳಗೆ ಹೋದರು, ಮಾಗಿದ ಹಣ್ಣು ಯಾರಿಗೂ ಕಾಯುವುದಿಲ್ಲವಲ್ಲ. ಅವರ ಎಡಗೈ ಮತ್ತೆ ತಂತಿಯ ಕಡೆ ಏರಿತು. ಆಚೆ ತುದಿಯಿಂದ ಮಾಮ ಮೆಲ್ಲಗೆ, ಹೆಚ್ಚುಕಡಿಮೆ ಪ್ರಶ್ನೆಯ ಹಾಗೆ, ಕರೆದರು:

"ಡಿಂಗಿಣಿ ಡೊಪ್ಪಾಯ್?"

ಅತ್ತೆಯ ಕೈ ನಿಂತಿತು. ತಂತಿಯನ್ನು ಉದ್ದಕ್ಕೂ ನೋಡಿದರು. "ಏನೂ ಇಲ್ಲ. ಕುಯ್ಯಕ್ಕೆ ಬಿಡ್ರಿ."

ಮಾಮ ನನ್ನ ಪಕ್ಕ ಬಂದು ಕುಳಿತು ಮುಖ ಸಪ್ಪಗೆ ಮಾಡಿದರು. "ಅದಕ್ಕೆ ಅರ್ಥ ಬಂದ್ಬಿಡ್ತಲ್ಲ ಕಣ್ಣು. ಇನ್ನು ನಾನು ನಿನ್ನ ಆ ಇಸ್ಟು ಅಲ್ಲ. ಬ್ಯಾರೆ ಕೂಗು ಹುಡುಕ್ಬೇಕು."

ಗೊಂಚಲುಗಳ ನಡುವಿನಿಂದ ಅತ್ತೆಯ ದನಿ ಬಂತು.

"ಬ್ಯಾರೆ ಒಂದೂ ಬ್ಯಾಡ. ನನ್ ಕೈ ಇದಕ್ಕೆ ಪಳಗಿ ಹೋಗೈತೆ."