ಸಮುದ್ರಕ್ಕೊಂದು ಮುಚ್ಚಳ

ಯಾರ ಮಾತನ್ನಾದರೂ ಎರಡು ನಿಮಿಷ ಕೇಳಿಸಿಕೊಂಡರೆ ಸಾಕು, ಮೂರನೆಯ ನಿಮಿಷಕ್ಕೆ ನಾನು ಅವರೇ ಆಗಿಬಿಡುತ್ತೇನೆ. ಮೂಗಿನಿಂದ ಪಾಠ ಮಾಡುತ್ತಿದ್ದ ನಮ್ಮ ಡಿಪ್ಲೊಮಾ ಕಾಲೇಜಿನ ಮೇಷ್ಟ್ರು, ಹಂಪಿಯಲ್ಲಿ ಫ್ರೆಂಚರಿಗೆ ಫ್ರೆಂಚಿನಲ್ಲೇ ಸುಳ್ಳು ಹೇಳುವ ಗೈಡು, ಎಲ್ಲರೂ ನನ್ನ ಗಂಟಲಲ್ಲಿ ವಾಸವಾಗಿದ್ದಾರೆ. ಈ ಜಂಬದಲ್ಲೇ ಒಮ್ಮೆ ಸೂರ್ಯನನ್ನೂ ಅನುಕರಿಸಲು ಹೋದೆ. ಅದೊಂದು ಕೈಹತ್ತಲಿಲ್ಲ.

ಸಂಡೂರಿನ ಗುಡ್ಡಗಳು ಲಾರಿ ಹತ್ತಿ, ಹಡಗು ಹಿಡಿದು, ಚೀನಾಕ್ಕೆ ಹೊರಟಿದ್ದ ಕಾಲ ಅದು. ನಮ್ಮ ಸೋದರಮಾವ ಬಸಣ್ಣ ಅಕ್ಕಿ ಗಿರಣಿಯನ್ನು ತಮ್ಮನಿಗೆ ಬಿಟ್ಟು ಟಿಪ್ಪರ್ ಲಾರಿಗಳ ಧಣಿಯಾಗಿದ್ದ. ಹೊಸಪೇಟೆಯಲ್ಲಿ ಹೊಸ ಮನೆ ಕಟ್ಟಿಸಿದ್ದ. ಚೆನ್ನೈನ ಯಾವುದೋ ಹೋಟೆಲಿನಲ್ಲಿ ಉಪ್ಪುನೀರಿನ ಮೀನುತೊಟ್ಟಿ ಕಂಡು ಬಂದವನು ಅಂಥದ್ದನ್ನೇ ತರಿಸಿ ಹಾಲ್‌ನಲ್ಲಿ ಕೂರಿಸಿದ. ನಾಲ್ಕಡಿ ಗಾಜಿನ ತೊಟ್ಟಿ, ಬಕೆಟ್ಟುಗಟ್ಟಲೆ ಸಮುದ್ರದ ಉಪ್ಪು, ಕಿತ್ತಳೆ ಬಣ್ಣದ ಎರಡು ಮೀನು, ಅವು ಮೈಯೊರಗಿಸಿ ಮಲಗಲು ಒಂದು ಕಡಲ ಹೂವು.

"ಬಸಣ್ಣ, ಡ್ಯಾಂ ಇಲ್ಲೇ ಐತಲ್ಲಪ್ಪ. ಅದರಾಗಿನ ಮೀನು ತಂದು ಬಿಟ್ರ ಆಗ್ತಿದ್ದಿಲ್ಲೇನು?" ಎಂದು ಪಕ್ಕದ ಮನೆಯವರು ಕೇಳಿದರೆ ಮಾವನಿಗೆ ಅವಮಾನ. "ಡ್ಯಾಮಿನ ಮೀನು ಯಾರ ಮನ್ಯಾಗ ಬೇಕಾದ್ರೂ ಇರ್ತಾವ. ಇವು ಸಮುದ್ರದವು ನೋಡ್ರಿ!" ಎನ್ನುತ್ತಿದ್ದ. ಸಮುದ್ರವನ್ನು ತಾನೇ ಗುತ್ತಿಗೆ ಹಿಡಿದವನಂತೆ.

ಈರುಳ್ಳಿ ಹೆಚ್ಚಿದ ಕೈಯನ್ನೂ ತೊಳೆಯದೆ ದೇವರ ಕೋಣೆಗೆ ಹೋಗದ ಅತ್ತೆ, ಮನೆಯೊಳಗೆ ಮೀನು ಬಂದದ್ದಕ್ಕೆ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಮೀನುಗಳ ಜೊತೆ ಮಾತು ಶುರುಮಾಡಿದಳು. ಒಣಸೀಗಡಿ ಪುಡಿ ತುಂಬಿದ ಅವುಗಳ ಆಹಾರದ ಡಬ್ಬಿಯನ್ನು ನಾನು ಕೈಗೆ ತೆಗೆದುಕೊಂಡರೆ ಸಾಕು, "ಅದರ ಮ್ಯಾಲ ಏನು ಬರದೈತಿ ಅಂತ ನನಗ ಓದಿ ಹೇಳಬ್ಯಾಡ ಮಾರಾಯ. ಇಂಗ್ಲಿಷ್ ಬರಂಗಿಲ್ಲ ಅನ್ನೋದು ಒಂದೊಂದ್ಸಲ ಭಾಳ ಛಲೋ" ಎನ್ನುತ್ತಿದ್ದಳು.

ಅತ್ತೆಗೆ ಮೀನಿಗಿಂತ ಪ್ರೀತಿ ಆ ಹೂವಿನ ಮೇಲೆ. ಅದು ಹೂವಲ್ಲ, ಪ್ರಾಣಿ. ತನ್ನ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳನ್ನು ಸಾಕಿಕೊಂಡಿರುತ್ತದೆ. ಅವು ಬೆಳಕಿನಲ್ಲಿ ಅಡುಗೆ ಮಾಡುತ್ತವೆ, ಇದು ಕೂತಲ್ಲೇ ಉಣ್ಣುತ್ತದೆ. ನಮ್ಮ ಮಾವನ ಸಂಸಾರದ ರೀತಿಯೂ ಹೆಚ್ಚುಕಡಿಮೆ ಇದೇ. ಬೆಳಕಿಲ್ಲದಿದ್ದರೆ ಒಲೆ ಆರಿದ ಹಾಗೆ, ಹೂವು ಉಪವಾಸ ಬಿದ್ದು ಸಾಯುತ್ತದೆ. ಆ ಮನೆಯಲ್ಲಿಯೋ ಬೆಳಕಿಗೇ ಬರ. ಅದಿರಿನ ಕೆಂಪು ಧೂಳಿಗೆ ಹೆದರಿ ಕಿಟಕಿಗಳನ್ನೆಲ್ಲ ಬಿಗಿದಿದ್ದರು. ಹಾಗಿದ್ದೂ ಸಂಜೆಯ ಹೊತ್ತಿಗೆ ನೀರಿನ ಮೇಲೆ ಕುಂಕುಮ ಉದುರಿಸಿದಂತೆ ಕೆನೆ ಕಟ್ಟುತ್ತಿತ್ತು. ಧೂಳು ತಡೆಯುವ, ಒಳಗೆ ದೀಪವಿರುವ ಒಂದು ಮುಚ್ಚಳ ಬೇಕಿತ್ತು. ತೊಟ್ಟಿ ಕಳಿಸಿದ ಚೆನ್ನೈನವರು ಅದಕ್ಕೆ ಎರಡು ತಿಂಗಳಾದೀತು ಎಂದರು.

"ನಾಲ್ಕು ಟ್ಯೂಬ್‌ಲೈಟು, ಮ್ಯಾಲೊಂದು ಡಬ್ಬ. ಅದರಾಗೇನೈತಿ ಮಾವ, ನಾ ಮಾಡ್ತೀನಿ" ಎಂದೆ. ಎಲೆಕ್ಟ್ರಿಕಲ್ ಡಿಪ್ಲೊಮಾದ ಎರಡನೇ ವರ್ಷದಲ್ಲಿ ಮನುಷ್ಯನಿಗೆ ಇರುವಷ್ಟು ಧೈರ್ಯ ಆಮೇಲೆ ಯಾವತ್ತೂ ಇರುವುದಿಲ್ಲ.

ಆಗ ನಮ್ಮೂರಲ್ಲಿ ಏನೇ ಮಾಡಬೇಕೆಂದರೂ ಕಬ್ಬಿಣದಲ್ಲೇ ಮಾಡಬೇಕು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಸಂಡೂರು ರಸ್ತೆಯಲ್ಲಿ ಟಿಪ್ಪರ್‌ಗಳಿಗೆ ಬಾಡಿ ಕಟ್ಟುವ ವಿರೂಪಣ್ಣನ ಹತ್ತಿರ ಹೋದೆ. ಅವನು ಅಳತೆ ನೋಡಿ, "ಎಷ್ಟು ಟನ್ ಹೇರ್ತೀರಿ?" ಎಂದ. ಬೆಳಕು ಹೇರುತ್ತೇವೆ ಎಂದೆ. "ಹೇರ್ರಿ. ತಡೀತೈತಿ" ಎಂದು ಭರವಸೆ ಕೊಟ್ಟ. ವಾರದಲ್ಲಿ ತಯಾರಾಯಿತು. ದಪ್ಪ ತಗಡು, ಲಾರಿಯ ಹಿಂಬಾಗಿಲಿಗೆ ಹಾಕುವ ಕೀಲು, ಎರಡೂ ಬದಿಗೆ ತಾಡಪಾಲಿನ ಹಗ್ಗ ಕಟ್ಟುವ ಕೊಕ್ಕೆ, ಹಸಿರು ಬಣ್ಣ, ಹಳದಿ ಅಂಚು. ಬಣ್ಣ ಒಣಗಿದ ಮೇಲೆ ನಾನು ಟ್ಯೂಬ್ ಕೂರಿಸಲು ಡ್ರಿಲ್ ಹಿಡಿದು ಹದಿನಾರು ತೂತು ಹೊಡೆದೆ. ಆ ತೂತುಗಳ ಅಂಚಿಗೆ ಬಣ್ಣವಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಉಪ್ಪಿಗೆ ಮೊದಲನೇ ದಿನವೇ ಹೊಳೆಯಿತು.

ಹೊತ್ತು ತರಲು ಇಬ್ಬರು ಬೇಕಾದರು. "ತೂಕ ನೋಡ್ಲೇ ಅಳಿಯಾ! ಮಸ್ತ್!" ಎಂದು ಮಾವ ಬೆನ್ನು ತಟ್ಟಿದ. ಅತ್ತೆ ಮೀನಿಗೆ ಊಟ ಹಾಕಲು ಮುಚ್ಚಳ ಎತ್ತಲಾರದೆ ದಿನಾ ಡ್ರೈವರನನ್ನು ಕರೆಯುವಂತಾಯಿತು.

ತಿಂಗಳೊಪ್ಪತ್ತಿನಲ್ಲಿ ಮುಚ್ಚಳದ ಒಳಗಿನಿಂದ ಕೆಂಪು ಹನಿಗಳು ತೊಟ್ಟಿಕ್ಕತೊಡಗಿದವು. ಆಚೆಯ ಕೆಂಪನ್ನು ತಡೆಯಲು ಹೋಗಿ ಮನೆಯೊಳಗೇ ಕೆಂಪು ತಯಾರಿಸುವ ಕಾರ್ಖಾನೆ ತೆರೆದಿದ್ದೆ. ಎಷ್ಟೋ ಬೆಂಕಿ ಕಂಡು ಕಬ್ಬಿಣವಾಗಿದ್ದ ಅದಿರು ನನ್ನ ಕೈಯಲ್ಲಿ ಮತ್ತೆ ಮಣ್ಣಾಗುತ್ತಿತ್ತು. ನಾಲ್ಕು ಟ್ಯೂಬಿನಲ್ಲಿ ಎರಡು ಕಣ್ಣು ಮುಚ್ಚಿದವು.

ಹಂಪಿಯ ವಿರೂಪಾಕ್ಷನ ಗುಡಿಯಲ್ಲಿ ಒಂದು ಕಿಂಡಿಯಿದೆ. ಅದರಿಂದ ಬಂದ ಬೆಳಕು ಗೋಪುರವನ್ನು ತಲೆಕೆಳಗು ಮಾಡಿ ಒಳಗಿನ ಗೋಡೆಯ ಮೇಲೆ ಬಿಡಿಸುತ್ತದೆ. ವೈರಿಲ್ಲ, ಚೋಕಿಲ್ಲ, ಡಿಪ್ಲೊಮಾ ಇಲ್ಲ. ಒಂದೇ ತೂತಿನಲ್ಲಿ ನಮ್ಮ ಹಿರಿಯರು ಅಷ್ಟು ಮಾಡಿದ್ದರು. ನಾನು ಹದಿನಾರು ತೂತಿನಲ್ಲಿ ಮಾಡಿದ್ದು ಇಷ್ಟು.

ಒಂದು ಬೆಳಿಗ್ಗೆ ಅತ್ತೆ ಕೂಗಿಕೊಂಡಳು: "ಅಯ್ಯ! ಹೂವು ನಡಕೊಂತ ಹೊಂಟೈತಲ್ಲೋ!"

ನಿಜವೇ. ತಟ್ಟೆಯಗಲ ಅರಳುತ್ತಿದ್ದದ್ದು ನಿಂಬೆಹಣ್ಣಿನಷ್ಟು ಮುದುಡಿ, ಕಲ್ಲು ಬಿಟ್ಟು, ಬೆಳಕು ಉಳಿದಿದ್ದ ಮೂಲೆಯ ಕಡೆಗೆ ಗಾಜು ಹಿಡಿದು ತೆವಳುತ್ತಿತ್ತು. ಎರಡು ಮೀನು ಮನೆ ಕಳೆದುಕೊಂಡವರಂತೆ ಹಿಂದೆ ಹಿಂದೆ.

"ಯಾಕೋ ಹಿಂಗಾತು?" ಎಂದು ಅತ್ತೆ ಕೇಳಿದಾಗ ನಾನು ನಮ್ಮ ಮೇಷ್ಟ್ರ ಮೂಗನ್ನು ಎರವಲು ಪಡೆದು ವೋಲ್ಟೇಜಿನ ಏರಿಳಿತದ ಬಗ್ಗೆ ಉಪನ್ಯಾಸ ಕೊಟ್ಟೆ. ಮರುದಿನ ತಪ್ಪನ್ನು ನೀರಿನ ಮೇಲೆ ಹಾಕಿದೆ. ಮೂರನೆಯ ದಿನ ಚೆನ್ನೈ ಉಪ್ಪಿನ ಮೇಲೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಸೆರಗಿನಿಂದ ಗಾಜು ಒರೆಸುತ್ತಾ, "ಹಂಗಾರ ಇದು ಉಳಿಯಂಗಿಲ್ಲೇನೋ?" ಎಂದಳು. ಆ ಪ್ರಶ್ನೆಗೆ ಉತ್ತರ ಕೊಡಲು ನನ್ನ ಗಂಟಲಲ್ಲಿ ಯಾರೂ ಸಿಗಲಿಲ್ಲ. ನಾನೇ ಬಾಯಿ ಬಿಡಬೇಕಾಯಿತು.

"ತಪ್ಪು ನಂದೇರಿ ಅತ್ತಿ. ಕಬ್ಬಿಣ ಹಾಕಬಾರದಾಗಿತ್ತು."

ಒಳಗಿನಿಂದ ಬಂದ ಮಾವ ಬೆಚ್ಚಿಬಿದ್ದ. ಆ ವರ್ಷಗಳಲ್ಲಿ ಹೊಸಪೇಟೆಯಲ್ಲಿ ನಿಂತು ಕಬ್ಬಿಣವನ್ನು ಬೈಯುವುದೆಂದರೆ ಉಂಡ ಮನೆಯಲ್ಲಿ ಸಾರು ಸಪ್ಪೆ ಎಂದಂತೆ. "ಕಬ್ಬಿಣ ಏನ್ ಮಾಡ್ತಲೇ ನಿನಗ?"

ಅತ್ತೆ ಕಂಪ್ಲಿ ಹೊಳೆದಂಡೆಯ ಹುಡುಗಿ. ಗಂಡನ ಕಡೆ ತಿರುಗಿಯೂ ನೋಡದೆ, "ನಮ್ಮೂರ ಹರಗೋಲಿನಾಗ ಒಂದು ಮೊಳಿ ನೋಡಿಯೇನು? ಬಿದಿರು, ಹಗ್ಗ, ಮ್ಯಾಲ ಟಾರು. ದಿನಾ ನೀರಾಗ ಇರೋರು ಕಬ್ಬಿಣ ಮುಟ್ಟಂಗಿಲ್ಲ. ಮೊದಲ ನನ್ನ ಕೇಳಿದ್ರ ಹೇಳ್ತಿದ್ದೆ" ಎಂದಳು. ಹೌದು, ಯಾರೂ ಕೇಳಿರಲಿಲ್ಲ.

ಅವತ್ತೇ ಕಬ್ಬಿಣದ ಮುಚ್ಚಳ ಇಳಿಸಿ, ಕೆಂಪು ನೀರು ತೆಗೆದು ಹೊಸ ನೀರು ಬೆರೆಸಿದೆವು. ಹೊಸ ಮುಚ್ಚಳ ಸಿದ್ಧವಾಗುವ ತನಕ ಅತ್ತೆ ಬೆಳಗಿನ ಹೊತ್ತು ಕಿಟಕಿ ತೆರೆದು, ತೊಟ್ಟಿಗೆ ತೆಳ್ಳನೆ ಬಿಳಿ ಸೀರೆ ಹೊದಿಸಿ, ಬಿಸಿಲನ್ನು ಸೋಸಿ ಕೊಟ್ಟಳು. ನಾನು ಮನೆ ಕಟ್ಟಿಸುವಾಗ ಉಳಿದಿದ್ದ ಪ್ಲೈವುಡ್ ಕೊಯ್ದು, ಮೊಳೆಯಿಲ್ಲದೆ ಮರದ ಗೂಟ ಬಡಿದು ಜೋಡಿಸಿ, ಒಳಹೊರಗೆ ಮೂರು ಸಲ ಬಿಳಿ ಬಣ್ಣ ಬಳಿದು, ಟ್ಯೂಬುಗಳ ಕೆಳಗೆ ಗಾಜಿನ ಹಲಗೆ ಕೂರಿಸಿದೆ. ನೋಡಲು ಹಪ್ಪಳದ ಡಬ್ಬದ ಹಾಗಿತ್ತು. ಅತ್ತೆ ಒಂದೇ ಕೈಯಲ್ಲಿ ಎತ್ತಿದಳು.

ಹೂವು ಹದಿನೈದು ದಿನ ಮುನಿಸಿಕೊಂಡೇ ಇತ್ತು. ಆಮೇಲೊಂದು ಮಧ್ಯಾಹ್ನ ಒಂದು ಬೆರಳು ಚಾಚಿತು. ವಾರದಲ್ಲಿ ತಟ್ಟೆಯಗಲವಾಯಿತು. ಮೀನುಗಳು ಏನೂ ಆಗಿಲ್ಲವೆಂಬಂತೆ ಒಳಗೆ ಹೊರಳಾಡಿದವು. ಅತ್ತೆ ಅವತ್ತು ಪಾಯಸ ಮಾಡಿದಳು.

ಆ ದಿನಗಳಲ್ಲೇ ಸಂಡೂರು ಕಡೆಯ ವಡ್ಡು ಎಂಬ ಊರಿನಿಂದ ಮಾವನ ಸ್ನೇಹಿತರೊಬ್ಬರು ಬಂದರು. ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತರು. "ಏನ್ ಬಣ್ಣ, ಏನ್ ಬಣ್ಣ! ಆ ಹೂವು ನೋಡ್ರಿ, ಉಸಿರಾಡಿದಂಗ ಐತಿ!" ಎಂದು ಅರ್ಧ ತಾಸು ಹೊಗಳಿದರು. ಮೀನಾಯಿತು, ಹೂವಾಯಿತು, ಕಲ್ಲಾಯಿತು, ಕೊನೆಗೆ ಗುಳ್ಳೆಗಳೂ ಆದವು. ಮುಚ್ಚಳದ ಕಡೆ ಮಾತ್ರ ಕಣ್ಣೆತ್ತಲಿಲ್ಲ. ಅವರು ಕಣ್ಣೆತ್ತದಿದ್ದರೇನೇ ಮುಚ್ಚಳ ಸರಿಯಾಗಿದೆ ಎಂದರ್ಥ ಎಂದು ನನ್ನ ಬುದ್ಧಿ ಹೇಳಿತು. ಬುದ್ಧಿಯ ಮಾತನ್ನು ಯಾವಾಗ ಕೇಳಿದ್ದೇನೆ? ಹತ್ತಿರ ಹೋಗಿ ಮುಚ್ಚಳದ ಮೇಲೆ ಕೈಯಿಟ್ಟು ಎರಡು ಸಲ ಕೆಮ್ಮಿದೆ.

ಅವರು ಮರುಕದಿಂದ ನನ್ನತ್ತ ತಿರುಗಿ, "ಭಾಳ ಧೂಳು ನೋಡಪ್ಪ ನಿಮ್ಮೂರಾಗ. ಬಿಸಿನೀರು ಕುಡಿ" ಎಂದರು.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ಹೌದ್ರಿ, ಭಾಳ ಧೂಳು" ಎಂದು, ಬಿಸಿನೀರು ಕುಡಿಯಲು ಒಳಗೆ ಹೋದೆ.