ಹೆಸರಿಗೆ ಮಸಿ ಬಳಿಯುವ ಕೆಲಸ

ಎಂಬತ್ತರ ದಶಕದ ಕೊನೆಯಲ್ಲಿ ವಿಶಾಖಪಟ್ಟಣದಲ್ಲಿ ನನಗೊಂದು ವಿಚಿತ್ರ ಕೆಲಸ ಸಿಕ್ಕಿತ್ತು. ವಿಜ್ಞಾನಿಗಳ ಹೆಸರಿಗೆ ಮಸಿ ಬಳಿಯುವುದು. (ನಿಜವಾದ ಮಸಿ. ಬ್ರಷ್ಷು ನನ್ನದೇ.)

ನನ್ನವರಿಗೆ ಬ್ಯಾಂಕಿನಿಂದ ಅಲ್ಲಿಗೆ ವರ್ಗವಾಗಿತ್ತು. ನನಗೆ ಎಂ.ಎಸ್ಸಿ. ಆಗಿತ್ತು, ಟೈಪಿಂಗ್ ಬರುತ್ತಿತ್ತು. ನಿವೃತ್ತ ಪ್ರೊಫೆಸರೊಬ್ಬರು ತಮ್ಮ ಮನೆಯ ಮುಂಗೋಣೆಯಿಂದಲೇ ಸಮುದ್ರಜೀವಿಗಳ ಬಗ್ಗೆ ಇಂಗ್ಲಿಷ್ ಜರ್ನಲ್ ನಡೆಸುತ್ತಿದ್ದರು. ಅವರು ಬಳ್ಳಾರಿಯವರು, ಹೆಂಡತಿ ತೆಲುಗಿನವರು. ಕನ್ನಡ ಮಾತಾಡಲು ಜನ ಸಿಕ್ಕ ಖುಷಿಗೇ ನನ್ನನ್ನು ಸಹಾಯಕಿ ಮಾಡಿಕೊಂಡರೆಂದು ನನ್ನ ಗುಮಾನಿ.

ಅವರೊಂದು ಪಾಲಿಸಿ ತಂದರು. ಬರೆದವರ ಹೆಸರು ಅಳಿಸಿಯೇ ಲೇಖನವನ್ನು, ಅದು ಅಚ್ಚಿಗೆ ಯೋಗ್ಯವೇ ಎಂದು ನೋಡುವ ಪರಿಶೀಲಕರಿಗೆ ಕಳಿಸಬೇಕು. ಪರಿಶೀಲಕರ ಹೆಸರೂ ಬರೆದವರಿಗೆ ತಿಳಿಯಕೂಡದು. ಯಾಕೆ?

"ಹೆಸ್ರು ಕಂಡ್ರೆ ಮಂದಿ ಸೈನ್ಸ್ ಓದಲ್ಲಮ್ಮ, ಕೈ ಮುಗೀತಾರೆ."

ಆಮೇಲೆ ಅವರದೇ ಲೇಖನ ಬಂತು. ಮೂರು ವರ್ಷದ ದುಡಿಮೆ. ನಮ್ಮ ಕಡಲ ಏಡಿಗಳು ವರ್ಷದಿಂದ ವರ್ಷಕ್ಕೆ ಸಣ್ಣವಾಗುತ್ತಿವೆ ಎಂಬ ವಾದ. ಪರಿಶೀಲಕರನ್ನು ನೀನೇ ಆರಿಸು ಎಂದರು.

"ಇದಕ್ಕೂ ಬಳೀಲಾ ಸಾರ್?"

"ಸಿಂಹಾಚಲದ ಸ್ವಾಮೀನೇ ವರ್ಷವೆಲ್ಲ ರೂಪ ಕಾಣ್ದಂಗೆ ಗಂಧ ಬಳಿಸ್ಕೊಂಡು ಕೂತಿರ್ತಾನೆ. ನನಗೇನು, ಬಳಿ."

ಬಳಿದೆ. ವಿಜಯವಾಡದ ಕಾಲೇಜಿನ ಯುವ ಉಪನ್ಯಾಸಕಿಯೊಬ್ಬರಿಗೆ ಕಳಿಸಿದೆ. ಉತ್ತರ ಬಂತು. "ಲೇಖಕರು ಏಡಿಗಳನ್ನು ಮಾರ್ಕೆಟ್ಟಿನಲ್ಲಿ ಅಳೆದಂತಿದೆ. ದೊಡ್ಡ ಏಡಿಗಳು ಮೊದಲೇ ಎಕ್ಸ್‌ಪೋರ್ಟಿಗೆ ಹೋಗಿರುತ್ತವೆ. ದೋಣಿ ಬರುವ ಹೊತ್ತಿಗೆ ದಡಕ್ಕೆ ಹೋಗಿ ಅಳೆಯಲಿ."

ಎರಡು ದಿನ ಅದನ್ನು ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೆ. ಆ ಉಪನ್ಯಾಸಕಿಯದೇ ಒಂದು ಲೇಖನ ಪ್ರೊಫೆಸರರ ಮೇಜಿನ ಮೇಲೆ ಒಪ್ಪಿಗೆಗೆ ಕಾಯುತ್ತಿತ್ತು. ಭಯವಾಗದೆ ಇರುತ್ತದೆಯೇ?

ಕೊನೆಗೆ ಕೊಟ್ಟೆ. ಎರಡು ಸಲ ಓದಿ ಕನ್ನಡಕ ತೆಗೆದರು.

"ಯಾರಮ್ಮ ಇದು?"

"ಹೇಳಂಗಿಲ್ಲ ಸಾರ್. ಪಾಲಿಸಿ."

"ಯಾರ ಪಾಲಿಸಿ?"

"ನಿಮ್ದೇ."

ಕಾಫಿ ತಂದ ಅವರ ಹೆಂಡತಿ ವಿಷಯ ಕೇಳಿ, "ನಿಜಮೇ ಕದಂಡೀ, ಅವ್ರು ಹೇಳಿದ್ದು ನಿಜವೇ. ಮಾರ್ಕೆಟ್‌ನಲ್ಲಿ ನೀವು ಸ್ಕೇಲ್ ಹಿಡಿದಾಗ ಚೀಲ ಹಿಡಿದಿದ್ದು ನಾನೇ ಅಲ್ವಾ" ಎಂದರು.

ಪ್ರೊಫೆಸರರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ, "ಟೈಪ್ ಮಾಡ್ಕೋ" ಎಂದರು. ಪ್ರಿಯ ಡಾಕ್ಟರರೇ, ತಮ್ಮ ಲೇಖನವನ್ನು ವಿಷಾದದಿಂದ ಹಿಂದಿರುಗಿಸುತ್ತಿದ್ದೇವೆ. ಸಂಪಾದಕರೆಂದು ಸಹಿ ಹಾಕಿದರು. ತಮ್ಮದೇ ಮನೆಯ ವಿಳಾಸ ಬರೆಸಿ ಅಂಚೆಗೂ ಹಾಕಿಸಿದರು. ಮೂರನೆಯ ದಿನ ಪೋಸ್ಟ್‌ಮ್ಯಾನ್ ಬಂದಾಗ ತಾವೇ ಗೇಟಿಗೆ ಹೋಗಿ ಅದನ್ನು ತೆಗೆದುಕೊಂಡರು. ಉಪನ್ಯಾಸಕಿಯ ಲೇಖನ ಮುಂದಿನ ಸಂಚಿಕೆಯಲ್ಲೇ ಅಚ್ಚಾಯಿತು. ಪ್ರೊಫೆಸರರು ಸ್ಕೇಲ್ ಹಿಡಿದು ದಡಕ್ಕೆ ನಡೆದರು.

ರೂಲ್ಸು ಮಾಡುವ ಎಲ್ಲರಿಗೂ ನನ್ನದೊಂದೇ ಪ್ರಶ್ನೆ: ನಿಮ್ಮ ವಿಳಾಸಕ್ಕೆ ನೀವೇ ಇಂಥದೊಂದು ಪತ್ರ ಬರೆದು ಎಷ್ಟು ಕಾಲವಾಯಿತು?