ಎಫ್ ಮತ್ತು ಇ ಇರುವ ಪದ

1943ರ ಮಳೆಗಾಲ ಮುಗಿಯುತ್ತಿದ್ದಂತೆ ನನಗೆ ನರಸಿಂಹರಾಜಪುರಕ್ಕೆ ಸಬ್ ಅಸಿಸ್ಟೆಂಟ್ ಸರ್ಜನ್ ಆಗಿ ವರ್ಗವಾಯಿತು. ಯುದ್ಧಕಾಲ, ಕ್ವಿನೈನ್ ಸಿಗುತ್ತಿರಲಿಲ್ಲ, ಮಲೇರಿಯಾ ಮಾತ್ರ ಧಾರಾಳವಾಗಿತ್ತು. ಆ ಜ್ವರದ ರೋಗಿಗಳ ಮುಖಗಳೆಲ್ಲ ಈಗ ಮಸುಕಾಗಿವೆ. ಮನಸ್ಸಿನಲ್ಲಿ ಉಳಿದವರು ಜ್ವರವೇ ಇಲ್ಲದ ಒಬ್ಬರು, ರಾಮಚಂದ್ರಯ್ಯ ಮೇಷ್ಟ್ರು.

ಮೇಷ್ಟ್ರು ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದರು. ಪೇಟೆಯಲ್ಲಿಯೇ ಮನೆ. ಒಂದು ಬೆಳಿಗ್ಗೆ ಸ್ನಾನಕ್ಕೆಂದು ಎದ್ದವರು ಕುಸಿದು ಬಿದ್ದರು. ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. ಪಾರ್ಶ್ವವಾಯು. ಎರಡು ದಿನ ಮಂಪರಿನಲ್ಲಿದ್ದು ಎಚ್ಚರಾದಾಗ ನಾಲಿಗೆ ಹೊರಳುತ್ತಿರಲಿಲ್ಲ. ಆದರೆ ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ಎಡಗೈ ಎತ್ತಿ ಎಂದರೆ ಎತ್ತುತ್ತಿದ್ದರು. ಮನಸ್ಸಿಗೆ ಉದ್ವೇಗವಾಗದಂತೆ ನೋಡಿಕೊಳ್ಳಿ ಎಂದು ಮನೆಯವರಿಗೆ ಹೇಳಿ ಬಂದೆ.

ಅಲ್ಲಿಂದ ಸ್ವಲ್ಪ ಚೇತರಿಸಿಕೊಳ್ಳಬೇಕಾಗಿತ್ತು. ಬದಲಿಗೆ ಇಳಿಯುತ್ತ ಹೋದರು. ಗಂಜಿ ಬಾಯಿಗಿಟ್ಟರೆ ತುಟಿ ಬಿಗಿಯುತ್ತಿದ್ದರು. ನುಂಗಲಾರದೆ ಅಲ್ಲ, ನೀರು ಸಲೀಸಾಗಿ ಇಳಿಯುತ್ತಿತ್ತು. ಅವರಿಗೆ ಊಟ ಬೇಡವಾಗಿತ್ತು. ಹೀಗೇ ಮುಂದುವರಿದರೆ ಹೆಚ್ಚು ದಿನ ಉಳಿಯುವವರಲ್ಲ ಎಂದು ನನಗೆ ಖಚಿತವಾಗಿತ್ತು.

ಒಂದು ಮಧ್ಯಾಹ್ನ ನೋಡಲು ಹೋದಾಗ ಅವರ ಹೆಂಡತಿ ಗೌರಮ್ಮ ನನ್ನನ್ನು ಹಿತ್ತಿಲ ಕಡೆಗೆ ಕರೆದರು.

"ಡಾಕ್ಟ್ರೇ, ಇವ್ರಿಗೆ ನನ್ನ ಮೇಲೆ ಸಿಟ್ಟು. ಮೊನ್ನೆ ಗಂಜಿ ಕುಡಿಸೋಕೆ ಹೋದ್ರೆ ಬೆಚ್ಚಿಬಿದ್ದು ಚಮಚ ಕೆಡವಿಬಿಟ್ರು. ಆಮೇಲೆ ಒಂದ್ಸಲವೂ ನನ್ನ ಕಡೆ ತಿರುಗಿ ನೋಡಿಲ್ಲ."

ಕಾರಣವನ್ನೂ ಅವರೇ ಹೇಳಿದರು. ತವರಾದ ಮೆಣಸೆಯಲ್ಲಿ ತಮ್ಮನ ಮಗಳಿಗೆ ನಾಮಕರಣವಿತ್ತು. ಮೇಷ್ಟ್ರು ಬರುವುದಿಲ್ಲ ಎಂದರು. "ನಾ ಒಬ್ಳೇ ಹೋಗ್ತೆ" ಎಂದು ಇವರು. "ಹೋದೋಳು ಅಲ್ಲೇ ಇರು" ಎಂದು ಅವರು. ಆ ಮಾತಾಡಿ ಸ್ನಾನಕ್ಕೆದ್ದವರೇ ಬಿದ್ದದ್ದು. ತನ್ನ ಧ್ವನಿ ಕೇಳಿದರೂ ಅವರಿಗೆ ಉದ್ವೇಗವಾದೀತೆಂದು ಗೌರಮ್ಮ ಆ ಕೋಣೆಯಲ್ಲಿ ಮಾತಾಡುವುದನ್ನೇ ಬಿಟ್ಟಿದ್ದರು. ಗಂಡನ ಬಲಗಡೆ ಕುಳಿತು, ಬಿದ್ದ ಕೈಗೆ ಎಣ್ಣೆ ಹಚ್ಚಿ ಮೌನವಾಗಿ ತಿಕ್ಕುವುದಷ್ಟೇ ಅವರ ಕೆಲಸ. ಉಣಿಸುವುದು ಮೇಷ್ಟ್ರ ತಮ್ಮ ವೆಂಕಟೇಶನ ಪಾಲಿಗೆ ಬಂದಿತ್ತು. ಅವನು ಎಡಗಡೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ.

ನಾವು ಕೋಣೆಗೆ ಮರಳಿದಾಗ ಗೌರಮ್ಮ ಮತ್ತೆ ಬಲಗಡೆ ಕುಳಿತು ಎಣ್ಣೆ ತಿಕ್ಕತೊಡಗಿದರು. ಆ ದಿನ ವೆಂಕಟೇಶ ಒಂದು ಉಪಾಯ ಮಾಡಿದ್ದ. ಮೇಷ್ಟ್ರು ಶಾಲೆಯಲ್ಲಿ ಮರದ ಇಂಗ್ಲಿಷ್ ಅಕ್ಷರಗಳನ್ನು ಇಟ್ಟುಕೊಂಡು ಒಂದು ಆಟ ಆಡಿಸುತ್ತಿದ್ದರಂತೆ. ಎರಡು ಮೂರು ಅಕ್ಷರ ಎತ್ತಿ ತೋರಿಸುವುದು, ಅವಿರುವ ಪದಗಳನ್ನು ಹುಡುಗರು ಹೇಳುವುದು. ಆ ಅಕ್ಷರಗಳನ್ನು ಎರಡು ಸಾಲಾಗಿ ಹಲಗೆಯ ಮೇಲೆ ಜೋಡಿಸಿ ಅಣ್ಣನ ಮುಂದಿಟ್ಟಿದ್ದ. ಮೇಲಿನ ಸಾಲಿನಲ್ಲಿ ಎ ಇಂದ ಎಂ, ಕೆಳಗೆ ಎನ್ ಇಂದ ಝಡ್.

"ಎರಡೇ ಅಕ್ಷರ ಎತ್ತಿಕೊಡ್ತಾನೆ ಡಾಕ್ಟ್ರೇ. ಎಫ್ಪು, ಇ. ಆಮೇಲೆ ಹಲಗೆ ತಡಕಾಡಿ ಕೈ ಬಿಡ್ತಾನೆ. ಕಾಫಿ ಅಂದ್ಕೊಂಡು ಮಾಡಿಸಿ ತಂದೆ, ಬೇಡ ಅಂದ. ಫೀವರ್ರಾ ಅಂದೆ, ಅಲ್ಲ. ನೈಫಾ ಅಂದೆ, ಅದೂ ಅಲ್ಲ ಅಂತ ತಲೆ ಆಡಿಸಿದ."

ನನಗೆ ಹೊಳೆದದ್ದು ಲೈಫ್. ಉಳಿಯುತ್ತೇನೋ ಇಲ್ಲವೋ ಎಂದು ಕೇಳುತ್ತಿದ್ದಾರೆಯೇ? ಆ ಪದವನ್ನು ಬಾಯಿಬಿಟ್ಟು ಆಡಲು ಧೈರ್ಯ ಬರಲಿಲ್ಲ. ಸ್ಟೆತಾಸ್ಕೋಪು ಹಿಡಿದು ಅವರ ಬಲಗಡೆಯಿಂದ ಎದೆಗೆ ಕೈ ಚಾಚಿದೆ. ಮೇಷ್ಟ್ರು ಬೆಚ್ಚಿಬಿದ್ದರು. ನಾನು ಅಷ್ಟು ಹೊತ್ತಿನಿಂದ ಪಕ್ಕದಲ್ಲೇ ನಿಂತಿದ್ದೆ. ನನ್ನ ಕೈ ಮಾತ್ರ ಅವರಿಗೆ ಎಲ್ಲಿಂದಲೋ ಉದ್ಭವಿಸಿದಂತಿತ್ತು.

ಆಗ ಅನುಮಾನ ಬಂತು. ಅವರಿಗೆ ಎದುರು ನೋಡಲು ಹೇಳಿ, ನನ್ನ ಬೆರಳನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿದೆ. ಮೂಗಿನ ನೇರ ದಾಟುತ್ತಲೇ ಬೆರಳು ಅವರ ಪಾಲಿಗೆ ಇಲ್ಲವಾಯಿತು. ಇದಕ್ಕೆ ಹೆಮಿಯನೋಪಿಯ ಎನ್ನುತ್ತಾರೆ. ಕಣ್ಣು ಚೆನ್ನಾಗಿಯೇ ಇರುತ್ತದೆ. ಮಿದುಳಿಗೆ ಪೆಟ್ಟಾದದ್ದರಿಂದ ನೋಟದ ಅರ್ಧ ಭಾಗ ಹೋಗಿರುತ್ತದೆ. ಹೋಗಿದೆ ಎಂಬುದು ಎಷ್ಟೋ ಸಲ ರೋಗಿಗೇ ಗೊತ್ತಾಗುವುದಿಲ್ಲ.

ಹಲಗೆಯನ್ನು ಮತ್ತೆ ನೋಡಿದೆ. ಎಫ್ ಮತ್ತು ಇ ಎರಡೂ ಎಡ ಅರ್ಧದಲ್ಲಿದ್ದವು. ಹಾಗಾದರೆ ಉಳಿದ ಅಕ್ಷರಗಳು ಬಲಗಡೆ, ಅವರಿಗೆ ಕಾಣದ ಕಡೆ ಇರಬೇಕು. ಕಾಫಿಯ ಸಿ ಮತ್ತು ಒ, ಫೀವರಿನ ಆರ್, ನೈಫಿನ ಎನ್ ಎಲ್ಲವೂ ಎಡಗಡೆಯವೇ, ಬೇಕಿದ್ದರೆ ಎತ್ತಿಕೊಡುತ್ತಿದ್ದರು. ಲೈಫ್ ಮಾತ್ರ ಹೊಂದುತ್ತಿತ್ತು. ಅದರ ಎಲ್ ಮತ್ತು ಐ ಎರಡೂ ಬಲಕ್ಕಿದ್ದವು.

ಏನಾದರಾಗಲಿ ಎಂದು ಹಲಗೆಯನ್ನು ಪೂರ್ತಿ ಎಡಕ್ಕೆ ಸರಿಸಿದೆ. ಮೇಷ್ಟ್ರ ಮುಖ ಅರಳಿತು. ಕೈ ಮೇಲಿನ ಸಾಲಿನ ಎಲ್ ಅನ್ನು ದಾಟಿ ಕೆಳಗಿನ ಸಾಲಿಗಿಳಿದು ಡಬ್ಲ್ಯುವನ್ನು ಎತ್ತಿತು. ಆಮೇಲೆ ಐ.

ವೈಫ್.

ವೆಂಕಟೇಶ ನಾಚಿ ತಲೆ ತಗ್ಗಿಸಿದ. ಅಣ್ಣ ಹೆಂಡತಿಯನ್ನು ಕೇಳುತ್ತಿದ್ದಾನೆ ಎಂಬ ಯೋಚನೆಯೇ ಆ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ. ಹೆಂಡತಿ ಇಲ್ಲೇ ಇದ್ದಾಳೆ ಎಂದು ಅವರಿಗೆ ಹೇಳಿದವರೂ ಇರಲಿಲ್ಲ. ಮಂಚದ ಪಕ್ಕದಲ್ಲೇ ಕುಳಿತವಳ ಬಗ್ಗೆ ಯಾರು ತಾನೇ ಹೇಳುತ್ತಾರೆ? ಆದರೆ ಗೌರಮ್ಮ ಇದ್ದದ್ದು ಅವರಿಗೆ ಕಾಣದ ಕಡೆ, ತಿಕ್ಕುತ್ತಿದ್ದದ್ದು ಸ್ಪರ್ಶವಿಲ್ಲದ ಕೈಯನ್ನು, ಮಾತಂತೂ ಇರಲೇ ಇಲ್ಲ. ಹೋದೋಳು ಅಲ್ಲೇ ಇರು ಎಂದದ್ದಕ್ಕೆ ನಿಜವಾಗಿಯೂ ಹೋಗಿಬಿಟ್ಟಳು ಎಂದು ಮೇಷ್ಟ್ರು ನಂಬಿದ್ದರು.

"ಅಮ್ಮಾ, ಮಂಚ ಸುತ್ತಿಕೊಂಡು ಈ ಕಡೆ ಬನ್ನಿ" ಎಂದೆ.

ಗೌರಮ್ಮ ಎಣ್ಣೆ ಕೈಯಲ್ಲೇ ಎದ್ದು ಬಂದು ಎಡಗಡೆ ನಿಂತರು. ಮೇಷ್ಟ್ರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಎಡಗೈಯಿಂದ ಅವರ ಮಣಿಕಟ್ಟನ್ನು ಹಿಡಿದವರು ಬಿಡಲೇ ಇಲ್ಲ.

"ಎಂತಕ್ಕೆ ಅಳೋದು? ನಾ ಎಲ್ಲೂ ಹೋಗ್ಲಿಲ್ಲ. ಇಲ್ಲೇ ಇದ್ದೆ" ಎಂದರು ಗೌರಮ್ಮ. ಅವರೂ ಅಳುತ್ತಿದ್ದರು. ವೆಂಕಟೇಶ ಗಂಜಿ ತರಲು ಒಳಗೆ ಓಡಿದ. ಆ ದಿನ ಮೇಷ್ಟ್ರು ಬಟ್ಟಲು ಖಾಲಿ ಮಾಡಿದರು.

ಮುಂದೆ ಅವರಿಗೆ ಮಾತು ತೊದಲುತ್ತ ಮರಳಿತು, ಕೋಲೂರಿ ನಡೆಯುವಷ್ಟು ಕಾಲೂ ಬಂತು. ಹೋದ ನೋಟ ಮಾತ್ರ ಬರಲಿಲ್ಲ. ನನಗೆ ಅಲ್ಲಿಂದ ವರ್ಗವಾಗುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಬಸ್ಸಿನಲ್ಲಿ ಮೆಣಸೆಗೆ ಹೋಗಿ ಮಗುವನ್ನು ನೋಡಿಕೊಂಡು ಬಂದಿದ್ದರು.

ಆಮೇಲೆ ನಾನು ಕೆಲಸ ಮಾಡಿದ ಊರುಗಳಲ್ಲೆಲ್ಲ ಪಾರ್ಶ್ವವಾಯುವಿನ ರೋಗಿ ಬಂದರೆ, ಔಷಧ ಬರೆಯುವ ಮುನ್ನ ಅವರ ತಲೆದಿಂಬಿನ ಪಕ್ಕ ತಲೆಯಿಟ್ಟು ಅವರಿಗೆ ಏನೇನು ಕಾಣುತ್ತದೆಂದು ನೋಡುತ್ತಿದ್ದೆ. ರೋಗಿ ಮುಖ ತಿರುಗಿಸಿದನೆಂದು ಮನೆಯವರು ನೊಂದುಕೊಂಡರೆ ಒಂದೇ ಮಾತು ಹೇಳುತ್ತಿದ್ದೆ: ಸಿಟ್ಟೆಂದು ತಿಳಿಯಬೇಡಿ, ಕಾಣುವ ಕಡೆಗೆ ಹೋಗಿ ಕೂತು ಮಾತಾಡಿಸಿ.